ತೆರೆದು ನೋಡಿದ ದಾಖಲೆ ಎಷ್ಟು? ಗಣಕೀಕೃತ ಆರೋಗ್ಯ ದಾಖಲೆಯ ಬಳಕೆ ಅಳೆಯುವ ಕೆಲಸ: ಮಳೆಗಾಲದವರೆಗಿನ ಪ್ರಗತಿ

ದಕ್ಷಿಣ ಕೊಡಗಿನ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ಗಣಕೀಕೃತ ಆರೋಗ್ಯ ದಾಖಲೆ ನಿಜಕ್ಕೂ ಎಷ್ಟರ ಮಟ್ಟಿಗೆ ಬಳಕೆಯಾಗುತ್ತಿದೆ ಎಂಬುದನ್ನು ಅಳೆಯಲು ಬಿಡುವಿನ ವೇಳೆಯಲ್ಲಿ ಕೈಗೆತ್ತಿಕೊಂಡ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಆಡಳಿತ ಮಂಡಳಿ ಲಿಖಿತ ಅನುಮತಿ ಕೊಟ್ಟಿದೆ. ರೋಗಿಗಳ ಹೆಸರು, ಊರು, ಫೋನ್ ಸಂಖ್ಯೆಗಳನ್ನು ಆಸ್ಪತ್ರೆಯ ಕಂಪ್ಯೂಟರಿನಲ್ಲೇ ತೆಗೆದುಹಾಕಿದ ನಂತರವಷ್ಟೇ ಮಾಹಿತಿ ನನ್ನ ಕೈಗೆ ಬರುತ್ತದೆ. ಹೆಸರುಗಳನ್ನು ನೋಡಬೇಕಾದ ಕೆಲಸವೇನಾದರೂ ಇದ್ದರೆ ಅದನ್ನು ಅಲ್ಲಿನ ಸಿಬ್ಬಂದಿಯೇ ಮಾಡುತ್ತಾರೆ.

ಬಳಕೆ ಎಂದರೆ ಏನನ್ನು ಎಣಿಸಬೇಕು ಎಂಬ ಪ್ರಶ್ನೆಗೇ ಹೆಚ್ಚು ಸಮಯ ಹಿಡಿಯಿತು. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾದ ಮೇಲೆ, ಒಬ್ಬರ ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತಾದ 14 ಅಂಕಿಗಳ ಆಭಾ ಸಂಖ್ಯೆ ಎಷ್ಟು ಜನರಿಗೆ ಆಗಿದೆ ಎಂಬ ಲೆಕ್ಕವೇ ಎಲ್ಲೆಡೆ ಮುಂದೆ ಬರುತ್ತದೆ. ಆ ಲೆಕ್ಕ ಬೇಕಾದದ್ದೇ. ಆದರೆ ಸಂಖ್ಯೆ ಮಾಡಿಸಿಕೊಂಡ ವ್ಯಕ್ತಿ ಎರಡನೆಯ ಸಲ ಆಸ್ಪತ್ರೆಗೆ ಬಂದಾಗ ಅವರ ಹಿಂದಿನ ದಾಖಲೆಯನ್ನು ಯಾರಾದರೂ ತೆರೆದು ನೋಡಿದರೇ ಎಂಬುದನ್ನು ಅದು ಹೇಳಲಾರದು. ಲಾಗಿನ್ ಎಣಿಕೆಯಿಂದಲೂ ಇದು ತಿಳಿಯುವುದಿಲ್ಲ, ಏಕೆಂದರೆ ಬೆಳಿಗ್ಗೆ ಒಬ್ಬರು ಲಾಗಿನ್ ಆದ ಕಂಪ್ಯೂಟರಿನಲ್ಲೇ ಸಂಜೆಯವರೆಗೆ ಎಲ್ಲರೂ ಕೆಲಸ ಮಾಡುವುದು ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಸಾಮಾನ್ಯ. ಮಾಹಿತಿ ವ್ಯವಸ್ಥೆಗಳ ಯಶಸ್ಸನ್ನು ಅಳೆಯಲು 1992ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟ ಡಿಲೋನ್ ಮತ್ತು ಮೆಕ್ಲೀನ್, 2003ರಲ್ಲಿ ಅದನ್ನು ಪರಿಷ್ಕರಿಸುವಾಗ, ಎಷ್ಟು ಹೊತ್ತು ಬಳಸಿದರು ಎಂಬುದೊಂದೇ ಸಾಲದು, ಬಳಕೆಯ ಸ್ವರೂಪ ಮತ್ತು ಗುಣಮಟ್ಟವನ್ನೂ ನೋಡಬೇಕು ಎಂದು ವಾದಿಸಿದ್ದರು. ನನ್ನ ಕೆಲಸಕ್ಕೆ ಆಧಾರವಾದದ್ದು ಈ ಮಾತು.

ಈ ಆಸ್ಪತ್ರೆ ಬಳಸುತ್ತಿರುವುದು ಬಹ್ಮನಿ ಎಂಬ ಮುಕ್ತ ತಂತ್ರಾಂಶವನ್ನು. ಛತ್ತೀಸಗಢದ ಗನಿಯಾರಿಯ ಗ್ರಾಮೀಣ ಆಸ್ಪತ್ರೆಯ ಅಗತ್ಯಕ್ಕಾಗಿ ರೂಪುಗೊಂಡ ಇದರ ತಳಹದಿ, ರೋಗಿಗಳ ದಾಖಲೆ ಇಡುವ ಇನ್ನೊಂದು ಮುಕ್ತ ತಂತ್ರಾಂಶವಾದ ಓಪನ್ಎಂಆರ್‌ಎಸ್. ಅದು 2004ರಲ್ಲಿ, ಕೀನ್ಯಾದ ಎಚ್‌ಐವಿ ಚಿಕಿತ್ಸಾ ಕೇಂದ್ರಗಳ ಅಗತ್ಯವನ್ನು ಮುಂದಿಟ್ಟುಕೊಂಡು ಆರಂಭವಾದದ್ದು. ಬಡ ದೇಶಗಳ ಆಸ್ಪತ್ರೆಗಳಿಗೆಂದೇ ಹುಟ್ಟಿದ ಈ ವ್ಯವಸ್ಥೆಯಲ್ಲಿ ಅಳತೆಗೆ ಬಹಳ ಉಪಯುಕ್ತವಾದ ಒಂದು ಗುಣವಿದೆ. ಪ್ರತಿ ಭೇಟಿಗೂ ಅದು ಎರಡು ಸಮಯಗಳನ್ನು ಇಟ್ಟುಕೊಳ್ಳುತ್ತದೆ: ರೋಗಿಯನ್ನು ನೋಡಿದ ಸಮಯ ಒಂದು, ಆ ವಿವರ ಕಂಪ್ಯೂಟರಿಗೆ ಸೇರಿದ ಸಮಯ ಇನ್ನೊಂದು. ಎರಡರ ನಡುವಿನ ಅಂತರ ಕಡಿಮೆಯಿದ್ದರೆ ವೈದ್ಯರ ಎದುರೇ ದಾಖಲೆ ತುಂಬಿದೆ ಎಂದೂ, ಹೆಚ್ಚಿದ್ದರೆ ಚೀಟಿಯಲ್ಲಿ ಬರೆದದ್ದನ್ನು ಆಮೇಲೆ ಯಾರೋ ಏರಿಸಿದ್ದಾರೆ ಎಂದೂ ತಿಳಿಯಬಹುದು. ಆದರೆ ಆಮೇಲೆ ಏರಿಸುವವರು ಹಿಂದಿನ ಸಮಯವನ್ನು ನಮೂದಿಸದಿದ್ದರೆ ಎರಡೂ ಒಂದೇ ಆಗಿಬಿಡುತ್ತವೆ. ಹೀಗಾಗಿ ದಿನದ ಯಾವ ಗಂಟೆಯಲ್ಲಿ ಎಷ್ಟು ದಾಖಲೆ ಸೇರಿದವು ಎಂಬುದನ್ನೂ ನೋಡಬೇಕಾಯಿತು. ಒಪಿಡಿ (ಹೊರರೋಗಿ ವಿಭಾಗ) ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕೆಲವು ವಾರಗಳಲ್ಲಿ ದಾಖಲೆಗಳ ದೊಡ್ಡ ಪಾಲು ಸಂಜೆ ನಾಲ್ಕರ ಮೇಲೆ ಒಟ್ಟಿಗೆ ಸೇರಿದೆ. ತಿಂಗಳ ವರದಿಯ ದೃಷ್ಟಿಯಿಂದ ಆ ವಾರಗಳಲ್ಲಿ ಏನೂ ಕೊರತೆಯಿಲ್ಲ, ಆದರೆ ರೋಗಿಯ ಮುಂದೆ ಕುಳಿತ ವೈದ್ಯರ ನೆರವಿಗೆ ಅಂದು ಆ ದಾಖಲೆ ಇರಲಿಲ್ಲ.

ದಾಖಲೆಯನ್ನು ತೆರೆದು ನೋಡಿದ್ದನ್ನು ಕಂಡುಹಿಡಿಯುವುದು ಇದಕ್ಕಿಂತ ಕಷ್ಟದ ಕೆಲಸ. ಬರೆದದ್ದರ ಗುರುತನ್ನು ಓಪನ್ಎಂಆರ್‌ಎಸ್ ಉಳಿಸಿಕೊಳ್ಳುತ್ತದೆ, ಓದಿದ್ದರ ಗುರುತನ್ನು ಅಷ್ಟು ಸುಲಭವಾಗಿ ಕೊಡುವುದಿಲ್ಲ. ಆದರೆ ಪುಟ ತೆರೆದಾಗಲೆಲ್ಲ ವೆಬ್ ಸರ್ವರಿನ ಲಾಗ್ ಫೈಲಿನಲ್ಲಿ ಒಂದು ಸಾಲು ಸೇರುತ್ತದೆ, ಆ ಸಾಲಿನ ವಿಳಾಸದಲ್ಲಿ ರೋಗಿಯ ಆಂತರಿಕ ಗುರುತು ಸಂಖ್ಯೆ ಇರುತ್ತದೆ. ವೈದ್ಯರ ಕೋಣೆಯ ಕಂಪ್ಯೂಟರಿಗೆ ಸ್ಥಳೀಯ ಜಾಲದಲ್ಲಿ ಅದನ್ನು ಗುರುತಿಸುವ ಸ್ಥಿರವಾದ ಐಪಿ ವಿಳಾಸವಿರುವುದರಿಂದ, ದಾಖಲಾತಿ ಕೌಂಟರಿನಲ್ಲಿ ತೆರೆದದ್ದನ್ನೂ ಒಳಗೆ ತೆರೆದದ್ದನ್ನೂ ಬೇರ್ಪಡಿಸಲು ಸಾಧ್ಯವಾಯಿತು. ನಾನು ಇಟ್ಟುಕೊಂಡ ಮುಖ್ಯ ಅಳತೆ ಇಷ್ಟು: ಮರಳಿ ಬಂದ ರೋಗಿಗಳಲ್ಲಿ ಎಷ್ಟು ಮಂದಿಯ ಹಿಂದಿನ ಭೇಟಿಯ ಪುಟ, ಅಂದಿನ ಔಷಧ ಬರೆಯುವ ಮೊದಲೇ, ವೈದ್ಯರ ಕೋಣೆಯಲ್ಲಿ ತೆರೆದಿತ್ತು? ಕರೆಂಟು ಹೋಗಿ ಯುಪಿಎಸ್ ಕೂಡ ಕೈಕೊಟ್ಟ ಹೊತ್ತನ್ನು ಲೆಕ್ಕದಿಂದ ಹೊರಗಿಟ್ಟಿದ್ದೇನೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅಂಥ ಹೊತ್ತು ಕಡಿಮೆಯೇನಲ್ಲ, ಅದನ್ನು ಸಿಬ್ಬಂದಿಯ ಅಸಡ್ಡೆ ಎಂದು ಎಣಿಸಿದರೆ ಅನ್ಯಾಯವಾಗುತ್ತದೆ.

ಈ ಪ್ರಮಾಣವನ್ನು ಇಡೀ ಒಪಿಡಿಗೆ ಒಂದೇ ಅಂಕಿಯಾಗಿ ಕೊಡಬಾರದು ಎಂಬುದು ಈ ಹಂತದಲ್ಲಿ ಸ್ಪಷ್ಟವಾದ ಸಂಗತಿ. ಜ್ವರ, ಕೆಮ್ಮು, ಕೈಗೆ ಕತ್ತಿ ತಗುಲಿದ ಗಾಯ ಇವುಗಳಿಗೆ ಹಳೆಯ ಪುಟ ತೆರೆಯುವುದು ಅಪರೂಪ, ತೆರೆಯಲೇಬೇಕೆಂಬ ಅಗತ್ಯವೂ ಇಲ್ಲ. ಬಿಪಿ ಮತ್ತು ಶುಗರ್ ಇರುವವರಲ್ಲಿ ಹಾಗಲ್ಲ. ಒಪ್ಪಿಗೆ ಪಡೆದು ವೈದ್ಯರ ಕೋಣೆಯ ಮೂಲೆಯಲ್ಲಿ ಕುಳಿತಿದ್ದ ಒಂದು ಬೆಳಿಗ್ಗೆ ವಯಸ್ಸಾದ ತಾಯಿಯೊಬ್ಬರು ಬಂದರು. ಚೀಟಿ ಮನೆಯಲ್ಲೇ ಉಳಿದಿತ್ತು; "ಬಿಳಿ ಸಣ್ಣ ಮಾತ್ರೆ" ಎಂದಷ್ಟೇ ಅವರಿಗೆ ಗೊತ್ತು. ಪರದೆಯಲ್ಲಿ ಬಿಪಿಯ ಮಾತ್ರೆ ಆಮ್ಲೋಡಿಪಿನ್ 5 ಮಿಲಿಗ್ರಾಂ ಎಂದಿತ್ತು, ಅದರ ಕೆಳಗೆ ಹಿಂದಿನ ಮೂರು ಭೇಟಿಗಳ ಬಿಪಿ ಏರುತ್ತಾ ಬಂದಿತ್ತು. ವೈದ್ಯರು ಪ್ರಮಾಣವನ್ನು 10 ಮಿಲಿಗ್ರಾಂಗೆ ಏರಿಸಿದರು. ದಾಖಲೆ ಇಲ್ಲದಿದ್ದರೆ ಅದೇ 5 ಮಿಲಿಗ್ರಾಂ ಮತ್ತೆ ಮೊದಲಿನಿಂದ ಆರಂಭವಾಗುವ ಸಾಧ್ಯತೆಯೇ ಹೆಚ್ಚಿತ್ತು. ಬಳಕೆ ಎಂದರೆ ನನಗೆ ಇದು, ನಾನು ಅಳೆಯಲು ಹೊರಟಿರುವುದೂ ಇದನ್ನೇ.

ತೆರೆದ ದಾಖಲೆ ನಂಬಲು ಯೋಗ್ಯವಾಗಿದೆಯೇ ಎಂಬುದಕ್ಕೆ ಬಿಪಿಯ ಕೊನೆಯ ಅಂಕಿ ಒಳ್ಳೆಯ ಪರೀಕ್ಷೆ. ಪಾದರಸದ ಮಾಪಕದಲ್ಲಿ ಎರಡೆರಡು ಮಿಲಿಮೀಟರಿಗೆ ಒಂದು ಗೆರೆ ಇರುವುದರಿಂದ ಕೊನೆಯ ಅಂಕಿ 0, 2, 4, 6, 8 ಇವುಗಳಲ್ಲಿ ಒಂದಾಗಬೇಕು. ಸರಿಯಾಗಿ ಓದಿ ಬರೆದರೆ ಸುಮಾರು ಐದರಲ್ಲಿ ಒಂದು ಸಲ ಮಾತ್ರ ಸೊನ್ನೆ ಬರಬೇಕು. ಡಿಜಿಟಲ್ ಯಂತ್ರವಾದರೆ ಹತ್ತರಲ್ಲಿ ಒಂದು. ಇಲ್ಲಿನ ಹಳೆಯ ದಾಖಲೆಗಳಲ್ಲಿ ಸೊನ್ನೆ ಇದಕ್ಕಿಂತ ಬಹಳ ಹೆಚ್ಚು ಸಲ ಬಂದಿದೆ, ಅಂದರೆ ಅಂಕಿಯನ್ನು ಹತ್ತಿರದ ಹತ್ತಕ್ಕೆ ಸರಿಸಿ ಬರೆದಂತಿದೆ. ಈ ವಿಷಯವನ್ನು ಸ್ಟಾಫ್ ನರ್ಸ್ ಒಬ್ಬರ ಮುಂದಿಟ್ಟಾಗ ಅವರು ನೇರವಾಗಿ ಹೇಳಿದರು: "ಸರ್, ಮೊದಲು ಚೀಟಿಯಲ್ಲಿ ಬರೀಬೇಕು, ಆಮೇಲೆ ರಿಜಿಸ್ಟರಿಗೆ, ಆಮೇಲೆ ಕಂಪ್ಯೂಟರಿಗೆ. ಒಂದು ಕಡೆ ಬಿಟ್ಟರೆ ಉಳಿದದ್ದನ್ನು ಸರಿಯಾಗಿ ಬರೀತೇವೆ." ಇದು ನ್ಯಾಯವಾದ ಮಾತು. ಒಂದೇ ಬಿಪಿಯನ್ನು ಮೂರು ಕಡೆ ಬರೆಯುವ ಹೊರೆಯನ್ನು ಅಳೆಯದೆ ಸಿಬ್ಬಂದಿಯ ನಿಖರತೆಯನ್ನು ಮಾತ್ರ ಅಳೆಯುವುದು ತಪ್ಪು ಚಿತ್ರವನ್ನು ಕೊಡುತ್ತದೆ. ಆದ್ದರಿಂದ ಒಂದೇ ವಿವರವನ್ನು ಎಷ್ಟು ಕಡೆ ಬರೆಯಲಾಗುತ್ತಿದೆ ಎಂಬುದನ್ನೂ ಅಳತೆಯ ಪಟ್ಟಿಗೆ ಸೇರಿಸಿದ್ದೇನೆ.

ಇನ್ನು ಒಬ್ಬರಿಗೆ ಎರಡು ಮೂರು ದಾಖಲೆಗಳಾಗಿರುವ ಸಮಸ್ಯೆ. ಕೊಡವರ ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುತ್ತದೆ. ಬುಡಕಟ್ಟು ಹಾಡಿಗಳಿಂದ ಬರುವ ಯರವ, ಜೇನುಕುರುಬ ಕುಟುಂಬಗಳಲ್ಲಿ ಒಂದೇ ಫೋನ್ ಸಂಖ್ಯೆಯಲ್ಲಿ ಹಲವರು ನೋಂದಣಿಯಾಗಿರುತ್ತಾರೆ. ತೋಟದ ಲೈನ್ ಮನೆಗಳಲ್ಲಿರುವ ಹೊರರಾಜ್ಯದ ಕಾರ್ಮಿಕರ ಫೋನ್ ಸಂಖ್ಯೆ ಮುಂದಿನ ಸಲಕ್ಕೆ ಬದಲಾಗಿರುತ್ತದೆ. ಅಂಥವರು ಮರಳಿ ಬಂದಾಗ ಹೊಸ ರೋಗಿ ಎಂದೇ ದಾಖಲಾಗುವುದರಿಂದ, ನನ್ನ ಅಳತೆಯ ಲೆಕ್ಕಕ್ಕೇ ಅವರು ಬರುವುದಿಲ್ಲ. ಹಳೆಯ ದಾಖಲೆಯ ಅಗತ್ಯ ಹೆಚ್ಚಾಗಿರುವವರೇ ಹೀಗೆ ತಪ್ಪಿಹೋಗುತ್ತಾರೆ ಎಂಬುದು ನನ್ನನ್ನು ಬಹಳವಾಗಿ ಕಾಡಿದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಯೊಂದಿಗೆ ಔಷಧದ ಚೀಟಿಯನ್ನೂ ಕಳೆದುಕೊಂಡವರನ್ನು ಕಂಡ ಜಿಲ್ಲೆಯಿದು. ಕಾಗದ ಹೋದರೂ ಉಳಿಯುವ ದಾಖಲೆ ಇಲ್ಲಿ ಎಲ್ಲರಿಗೂ ಸಿಗಲೇಬೇಕು.

ಒಬ್ಬರದೇ ಎಂದು ತೋರುವ ದಾಖಲೆಗಳನ್ನು ವಯಸ್ಸು, ಲಿಂಗ, ಊರು ಮತ್ತು ಹೆಸರಿನ ಉಚ್ಚಾರದ ಹೋಲಿಕೆಯಿಂದ ಗುರುತಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಈಗ ಬರೆಯುತ್ತಿದ್ದೇನೆ. ಅದು ಓಡುವುದು ಆಸ್ಪತ್ರೆಯ ಕಂಪ್ಯೂಟರಿನಲ್ಲೇ, ಯಾವುದನ್ನೂ ತಾನಾಗಿ ಸೇರಿಸುವುದಿಲ್ಲ. ಅದು ಕೊಡುವ ಪಟ್ಟಿಯನ್ನು ಊರಿನವರನ್ನು ಬಲ್ಲ ದಾಖಲಾತಿ ಕೌಂಟರಿನ ಸಿಬ್ಬಂದಿ ನೋಡಿ ಹೌದು ಅಥವಾ ಅಲ್ಲ ಎನ್ನಬೇಕು. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಆರಂಭವಾಗಿ ಹೊರಗಿನ ಕಾರ್ಮಿಕರು ಹೆಚ್ಚುವ ಮೊದಲು ಇದು ಮುಗಿದರೆ, ಮರಳಿ ಬಂದವರ ಲೆಕ್ಕವನ್ನು ಕೊಯ್ಲಿನ ತಿಂಗಳುಗಳಲ್ಲಿ ಹೊಸದಾಗಿ ತೆಗೆದು, ಲೈನ್ ಮನೆಗಳಿಂದ ಬಂದವರದನ್ನು ಪ್ರತ್ಯೇಕವಾಗಿ ತೋರಿಸುತ್ತೇನೆ.