ಒಂದು ದಣಪೆ, ಎರಡು ದಣಪೆ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಎಂಟನೆಯ ತರಗತಿಯಲ್ಲಿದ್ದಾಗ ಜಾತ್ರೆಗೆಂದು ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆದೆ. ರಜೆಯ ಆಶೆಯಲ್ಲಿದ್ದೇನೆ ಎನ್ನಲು ಹೋಗಿ ‘ಹೋಪಿಂಗ್’ ಪದಕ್ಕೆ ಎರಡು ಪಿ ಹಾಕಿಬಿಟ್ಟಿದ್ದೆ. ಮಾಸ್ತರರು ಅದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದರು: ‘ಎರಡು ದಿನದ ರಜೆಗಾಗಿ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದೇನೆ.’ ತರಗತಿ ನಕ್ಕು ಸುಸ್ತಾಯಿತು. ರಜೆಯೇನೋ ಸಿಕ್ಕಿತು, ಕುಪ್ಪಳಿಸುತ್ತಲೇ ಹೋಗಿ ಬಾ ಎಂಬ ಅಪ್ಪಣೆಯೊಂದಿಗೆ.

ಜಾತ್ರೆ ಮುಗಿದ ಮೇಲೆ ಪಾಠವಾಯಿತು. ದನ ನುಗ್ಗದಂತೆ ಬೇಲಿಯ ಬಾಯಿಗೆ ಅಡ್ಡ ಹಾಕುವ ಗಳವೇ ದಣಪೆ; ಅಡಿಕೆ ತೋಟದ ದಣಪೆ ದಾಟದ ಮಕ್ಕಳು ನಮ್ಮಲ್ಲಿ ಯಾರೂ ಇರಲಿಲ್ಲ. ಮಾಸ್ತರರು ಅದನ್ನೇ ಹಿಡಿದರು. ‘ಹೋಪ್’ ಪದದ ಕೊನೆಯ ಇ ತಾನು ಬಾಯಿ ಬಿಡುವುದಿಲ್ಲ, ಆದರೆ ಒಂದು ವ್ಯಂಜನದ ದಣಪೆಯನ್ನು ಹಾರಿ ಒಳಗಿನ ಓ ಅಕ್ಷರವನ್ನು ಎಳೆದು ಉದ್ದ ಮಾಡುತ್ತದೆ. ‘ಇಂಗ್’ ಬಂದಾಗ ಇ ಉದುರುತ್ತದೆ, ಅದರ ಕೆಲಸವನ್ನು ‘ಇಂಗ್’ನ ಐ ವಹಿಸಿಕೊಳ್ಳುತ್ತದೆ. ಕುಪ್ಪಳಿಸುವ ‘ಹಾಪ್’ನಲ್ಲಿ ಸ್ವರ ಗಿಡ್ಡವಾಗಿಯೇ ಉಳಿಯಬೇಕು. ಅದಕ್ಕೇ ಐ ಎಂಬ ತುಡುಗು ದನ ಒಳಗೆ ನುಗ್ಗದಂತೆ ಇನ್ನೊಂದು ಪಿ, ಎರಡನೆಯ ದಣಪೆ. ‘ಡೈನರ್’ಗೆ ಒಂದು ಎನ್, ‘ಡಿನ್ನರ್’ಗೆ ಎರಡು.

‘ಇ ಅಕ್ಷರಕ್ಕಿಂತ ಐ ಮುಂದೆ, ಸಿ ಎದುರಾದರೆ ಹಿಂದೆ’ ಎಂಬುದನ್ನೂ ಬಾಯಿಪಾಠ ಮಾಡಿದೆವು. ‘ಬಿಲೀವ್’, ‘ರಿಸೀವ್’ ಸರಿಹೋದವು. ಆದರೆ ನಮ್ಮ ಸೈನ್ಸ್ ಪುಸ್ತಕದ ಹೊದಿಕೆಯೇ ನಿಯಮಕ್ಕೆ ಎದುರು ನಿಂತಿತ್ತು! ಈಕಾರದ ಉಚ್ಚಾರವಿದ್ದಲ್ಲಿ ಮಾತ್ರ ಎಂದು ತಿದ್ದುಪಡಿ ಬಂತು. ಆಗಲೂ ‘ಸೀಜ್’ ಬಗ್ಗಲಿಲ್ಲ. ಈ ನಿಯಮದ ಮೇಲೆ ನನಗೆ ಇಂದಿಗೂ ಭರವಸೆಯಿಲ್ಲ.

ಸಾಲಕ್ಕೆ ಹೇಳುವ ‘ಡೆಟ್’ನ ಮೂಕ ಬಿ ಮಾತ್ರ ಬಹಳ ಹಿಡಿಸಿತು. ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ‘ಡೆಬಿಟುಮ್’ ನೆನಪಿಗೆ ಪಂಡಿತರು ಸೇರಿಸಿದರು. ಸಾಲದ ಪದಕ್ಕೆ ಕಡ ತಂದ ಅಕ್ಷರ.

ಕೊನೆಗೆ ಮಾತು ನಮ್ಮ ಜಿಲ್ಲೆಗೇ ಬಂತು. ಇ, ಐ, ವೈ ಮುಂದಿದ್ದರೆ ಸಿ ‘ಸ’ ಆಗುತ್ತದೆ. ಎ, ಓ, ಯು ಮುಂದಿದ್ದರೆ ‘ಕ’. ಹಾಗಾಗಿ ‘ಕೆನರಾ’ಕ್ಕೆ ಸಿ, ಕೆ ಎರಡೂ ಒಗ್ಗುತ್ತವೆ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ನಮ್ಮ ಕೆನರಾವನ್ನು ಅಲ್ಲಿನ 1883ರ ಗ್ಯಾಸೆಟಿಯರ್ ಕೆ ಹಾಕಿ ಬರೆಯಿತು. ಮದ್ರಾಸಿನಲ್ಲಿ ಉಳಿದ ದಕ್ಷಿಣದವರಿಗೆ ಸಿ. ಯಾವುದು ಸರಿ ಎಂದು ಕೇಳಿದೆ.

‘ಅರ್ಜಿ ಯಾವ ಕಚೇರಿಗೆ ಹೋಗುತ್ತದೆ ಎಂದು ಮೊದಲು ನೋಡು’ ಎಂದರು. ‘ಪಿ ಮಾತ್ರ ಒಂದೇ ಇರಲಿ.’