ಸಂಸದರ ಜೊತೆ ಪ್ರಶ್ನೆಯನ್ನೂ ಹೊರಗೆ ಹಾಕಿದರು

2023ರ ಡಿಸೆಂಬರ್‌ನಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದೇ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸಂಸದರ ಅಮಾನತು! ಅವರು ಕೇಳಿದ್ದಾದರೂ ಏನು? ಲೋಕಸಭೆಯೊಳಗೆ ಹೊರಗಿನವರಿಬ್ಬರು ಜಿಗಿದು ಹೊಗೆ ಬಿಟ್ಟರಲ್ಲ, ಅದರ ಬಗ್ಗೆ ಗೃಹ ಸಚಿವರು ಸದನಕ್ಕೆ ಬಂದು ಮಾತಾಡಲಿ ಅಂತ. ಅದಕ್ಕಾಗಿ ಸದನದಲ್ಲಿ ಫಲಕ ಹಿಡಿದರು; ಅದು ನಿಯಮಕ್ಕೆ ವಿರುದ್ಧ, ಒಪ್ಪುತ್ತೇನೆ. ಆದರೆ ಅವರು ಮೊದಲೇ ಬರೆದುಕೊಟ್ಟಿದ್ದ ಪ್ರಶ್ನೆಗಳನ್ನೂ ಪಟ್ಟಿಯಿಂದ ತೆಗೆದರಲ್ಲ, ಅದು ಯಾವ ನ್ಯಾಯ? ಆ ಪ್ರಶ್ನೆಗಳು ಅವರನ್ನು ಆರಿಸಿ ಕಳಿಸಿದ ಜನರದ್ದು, ಅಲ್ವಾ? ಅದೇ ವಾರ, ವಿರೋಧ ಪಕ್ಷದ ಬಹುಪಾಲು ಸೀಟು ಖಾಲಿ ಇರುವಾಗಲೇ, ಬ್ರಿಟಿಷರ ಕಾಲದ ದಂಡ ಸಂಹಿತೆಯನ್ನು ಬದಲಿಸುವ ಮಸೂದೆಗಳು ಪಾಸಾದವು. ಇವತ್ತು ಪೊಲೀಸ್ ಠಾಣೆಯಲ್ಲಿ ನಮಗೆಲ್ಲ ಅನ್ವಯಿಸುವ ಕಾನೂನು ಅದು.