ತಪ್ಪು ಮಾಡಿದವನ ಭರವಸೆ

17 ಆಗಸ್ಟ್ 2025, ಭಾನುವಾರ

ನಿನ್ನೆ ರಾತ್ರಿ 'ದಿ ಶಾಶಾಂಕ್ ರಿಡೆಂಪ್ಷನ್' ಅನ್ನುವ ಜೈಲಿನ ಸಿನಿಮಾ ಮತ್ತೆ ನೋಡಿದೆ. ಈ ಸಲ ಆಂಡಿಗಿಂತ ರೆಡ್ ಜಾಸ್ತಿ ಕಾಡಿದ. (ಸಿನಿಮಾ ನೋಡಿಲ್ಲದವರು ಮೊದಲು ನೋಡಿ, ಆಮೇಲೆ ಇದನ್ನು ಓದಿ. ಕತೆ ಪೂರ್ತಿ ಹೇಳುತ್ತಿದ್ದೇನೆ.)

ಆಂಡಿ ಕೊಲೆ ಕೇಸಿನಲ್ಲಿ ಜೈಲು ಸೇರಿದವನು, ಆದರೆ ಕೊಲೆ ಮಾಡಿಲ್ಲ. ಅವನಿಗೆ ಆದದ್ದು ಅನ್ಯಾಯ. ಅವನು ಗೋಡೆ ಕೊರೆದು, ಕೊಳಚೆ ಪೈಪಿನಲ್ಲಿ ತೆವಳಿ ಹೊರಗೆ ಬಂದಾಗ ಎಲ್ಲರಿಗೂ ಖುಷಿಯಾಗುತ್ತದೆ, ಯಾಕೆಂದರೆ ನಿರಪರಾಧಿಯ ಪರ ನಿಲ್ಲುವುದು ಕಷ್ಟದ ಕೆಲಸ ಅಲ್ಲ. ಆದರೆ ರೆಡ್ ನಿಜವಾಗಿಯೂ ಕೊಲೆಗಾರ. ಜೈಲಿನಲ್ಲಿ ಎಲ್ಲರೂ "ನಾನು ಏನೂ ಮಾಡಿಲ್ಲ" ಅನ್ನುವಾಗ, ತಪ್ಪು ಮಾಡಿದವನು ನಾನೊಬ್ಬನೇ ಅಂತ ಅವನೇ ಹೇಳಿಕೊಳ್ಳುತ್ತಾನೆ. ನನಗೆ ಬೇಕಾದದ್ದು ಇವನ ಕತೆ. ಮಾಡಬಾರದ್ದನ್ನು ಮಾಡಿದ ಮನುಷ್ಯ ಯಾವ ಮುಖ ಇಟ್ಟುಕೊಂಡು ನಾಳೆಯ ಬಗ್ಗೆ ಆಸೆ ಪಡಬೇಕು?

ಇದಕ್ಕೆ ಮೂಲ ಸ್ಟೀಫನ್ ಕಿಂಗ್ 1982ರಲ್ಲಿ ಪ್ರಕಟಿಸಿದ ನೀಳ್ಗತೆ. ಅದನ್ನು ಓದಿದರೆ ರೆಡ್ ಮಾಡಿದ್ದೇನು ಅನ್ನುವುದು ಗೊತ್ತಾಗುತ್ತದೆ. ವಿಮೆ ಹಣಕ್ಕಾಗಿ ಹೆಂಡತಿಯ ಕಾರಿನ ಬ್ರೇಕ್ ಕೆಡಿಸಿಟ್ಟ. ಅವಳು ದಾರಿಯಲ್ಲಿ ಪಕ್ಕದ ಮನೆಯ ಹೆಂಗಸನ್ನೂ ಅವಳ ಪುಟ್ಟ ಮಗುವನ್ನೂ ಹತ್ತಿಸಿಕೊಂಡಳು. ಮೂರೂ ಜನ ಹೋದರು. ಸಿನಿಮಾ ಈ ಮಾತನ್ನು ಎತ್ತುವುದೇ ಇಲ್ಲ, ಬರೀ ಕೊಲೆ ಅಂತ ಹೇಳಿ ಮುಂದಕ್ಕೆ ಹೋಗುತ್ತದೆ. ರೆಡ್ ಪಾತ್ರ ಮಾಡಿದ ಮಾರ್ಗನ್ ಫ್ರೀಮನ್‌ರ ಆ ದನಿ ಕೇಳುತ್ತಾ ಕೂತರೆ ನಮಗೂ ಅದರ ನೆನಪು ಬರುವುದಿಲ್ಲ. ಆ ಮಗುವಿನ ಸಂಗತಿ ಗೊತ್ತಾದ ಮೇಲೂ ರೆಡ್ ಬೇಕು ಅನ್ನಿಸಿದರೆ, ಅದಕ್ಕೆ ಬೇರೆಯೇ ಬೆಲೆ ಇದೆ. ಈ ವಿಷಯದಲ್ಲಿ ಪುಸ್ತಕವೇ ಹೆಚ್ಚು ಪ್ರಾಮಾಣಿಕ.

ಆದರೆ ಬ್ರೂಕ್ಸ್ ವಿಷಯದಲ್ಲಿ ಸಿನಿಮಾ ಗೆದ್ದಿದೆ. ಪುಸ್ತಕದಲ್ಲಿ ಅವನು ಸುಮ್ನೆ ಹಾದುಹೋಗುವ ಮುದುಕ. ಸಿನಿಮಾದಲ್ಲಿ ಜೈಲಿನ ಗ್ರಂಥಾಲಯ ನೋಡಿಕೊಳ್ಳುವವನು, ಐವತ್ತು ವರ್ಷ ಒಳಗಿದ್ದವನು. ಬಿಡುಗಡೆ ಅಂತ ಗೊತ್ತಾದಾಗ ಜೊತೆಯವನ ಕುತ್ತಿಗೆಗೆ ಚಾಕು ಹಿಡಿಯುತ್ತಾನೆ, ಹೇಗಾದರೂ ಒಳಗೇ ಉಳಿಯಬೇಕು ಅಂತ. ಒಳಗೆ ಅವನಿಗೆ ಒಂದು ಕೆಲಸ ಇತ್ತು, ಹೆಸರಿತ್ತು, ಸಾಕಿದ ಕಾಗೆ ಇತ್ತು. ಹೊರಗೆ ಅಂಗಡಿಯಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬುವುದು, ರಾತ್ರಿ ಒಂಟಿ ಕೋಣೆ, ಅಷ್ಟೇ. ಕೊನೆಗೆ ಆ ಕೋಣೆಯಲ್ಲೇ ನೇಣು ಹಾಕಿಕೊಳ್ಳುತ್ತಾನೆ.

ಮುಂದೆ ರೆಡ್‌ಗೆ ಪೆರೋಲ್ ಸಿಕ್ಕಾಗ ಅವನು ಬರುವುದೂ ಅದೇ ಕೋಣೆಗೆ, ಮಾಡುವುದೂ ಅದೇ ಚೀಲದ ಕೆಲಸ. ಟಾಯ್ಲೆಟ್‌ಗೆ ಹೋಗಲೂ ಮ್ಯಾನೇಜರನ್ನು ಕೇಳುತ್ತಾನೆ. ಹಾಗಿದ್ದೂ ಅವನು ಯಾಕೆ ಉಳಿದುಕೊಂಡ? ನನಗೆ ತೋಚುವ ಉತ್ತರ ಇಷ್ಟು: ಆಂಡಿ ಓಡಿಹೋಗುವ ಮೊದಲು ಅವನಿಂದ ಒಂದು ಮಾತು ತೆಗೆದುಕೊಂಡಿದ್ದ. ಯಾವತ್ತಾದರೂ ಹೊರಗೆ ಬಂದರೆ ಬಕ್ಸ್‌ಟನ್ ಊರಿನ ಆ ಹೊಲಕ್ಕೆ ಹೋಗು, ಕಲ್ಲಿನ ಗೋಡೆಯ ಬುಡದಲ್ಲಿ ಹುಡುಕು, ಅಂತ. ರೆಡ್‌ಗೆ ಹೊರಗೆ ಉಳಿಸಿಕೊಳ್ಳಬೇಕಾದ ಒಂದು ಮಾತಿತ್ತು, ಬ್ರೂಕ್ಸ್‌ಗೆ ಏನೂ ಇರಲಿಲ್ಲ. ಅಲ್ವಾ?

ಇದು ತಲೆಗೆ ಬಂದ ಮೇಲೆ ನನಗಿಷ್ಟವಾದ ಬೇರೆ ಜೈಲು ಕತೆಗಳಲ್ಲೂ ಇದೇ ಕಾಣತೊಡಗಿತು. ಶಿಕ್ಷೆಯಿಂದ ಬದಲಾದವನು ಅಲ್ಲಿ ಸಿಗುವುದು ಕಡಿಮೆ, ಉಪದೇಶದಿಂದ ಬದಲಾದವನು ಇನ್ನೂ ಕಡಿಮೆ. ಯಾರೋ ಒಬ್ಬರು ಒಂದು ಹೊಣೆ ಕೊಡುತ್ತಾರೆ, ಮನುಷ್ಯ ಅದಕ್ಕೆ ತಕ್ಕ ಹಾಗೆ ಆಗಲು ನೋಡುತ್ತಾನೆ.

ವಿ. ಶಾಂತಾರಾಮ್ ಅವರ ಹಿಂದಿ ಸಿನಿಮಾ 'ದೋ ಆಂಖೇಂ ಬಾರಹ್ ಹಾಥ್' (ಎರಡು ಕಣ್ಣು, ಹನ್ನೆರಡು ಕೈ; 1957) ಇಡೀ ನಿಂತಿರುವುದು ಇದರ ಮೇಲೇ. ಈಗಿನ ಮಹಾರಾಷ್ಟ್ರದ ಔಂಧ್ ಸಂಸ್ಥಾನದಲ್ಲಿ ಸ್ವತಂತ್ರಪುರ ಅನ್ನುವಲ್ಲಿ ನಿಜವಾಗಿ ನಡೆದ ಬಯಲು ಬಂದೀಖಾನೆಯ (ಕೈದಿಗಳನ್ನು ಕೂಡಿಹಾಕದೆ ದುಡಿಯಲು ಬಿಡುವ ಜೈಲಿನ) ಪ್ರಯೋಗ ಅದಕ್ಕೆ ಪ್ರೇರಣೆ. ಜೈಲರ್ ಆದಿನಾಥ ಆರು ಜನ ಕೊಲೆಗಾರರನ್ನು ಬೇಡಿ ಇಲ್ಲದೆ ಒಂದು ಬರಡು ಜಮೀನಿಗೆ ಕರೆದುಕೊಂಡು ಹೋಗುತ್ತಾನೆ. ಅವರು ನೆಲ ಅಗೆದು, ತರಕಾರಿ ಬೆಳೆದು, ಕಡಿಮೆ ಬೆಲೆಗೆ ಮಾರುತ್ತಾರೆ. ಮಂಡಿಯ ವ್ಯಾಪಾರಿಗೆ ಉರಿಯುತ್ತದೆ, ಗೂಂಡಾಗಳನ್ನು ಬಿಡುತ್ತಾನೆ. ಒಂದು ಕಾಲಕ್ಕೆ ಆ ಕೈಗಳೇ ಕೊಲೆ ಮಾಡಿದ್ದವು. ಈಗ ಮಾತು ಕೊಟ್ಟಿದ್ದೇವೆ ಅಂತ ಹೊಡೆತ ತಿಂದುಕೊಂಡು ಸುಮ್ಮನಿರುತ್ತವೆ. ಆ ದೃಶ್ಯ ನೋಡಲು ನನಗೆ ಈಗಲೂ ಕಷ್ಟ. ಒಂದೇ ತಕರಾರು ಅಂದರೆ ಆ ಕಣ್ಣುಗಳು. ಆದಿನಾಥನ ಕಣ್ಣು ಎಲ್ಲಿ ಹೋದರೂ ತಮ್ಮನ್ನು ನೋಡುತ್ತಿದೆ ಅನ್ನುವ ಅಂಜಿಕೆ ಆ ಆರು ಜನರಿಗೆ. ಸದಾ ಕಾಯುವ ಕಣ್ಣು ಇದ್ದರೆ ಅದು ನಂಬಿಕೆಯೋ ಕಾವಲೋ? ನನ್ನ ಮಟ್ಟಿಗೆ ಸಿನಿಮಾ ಇಲ್ಲಿ ಸ್ವಲ್ಪ ಜಾರಿದೆ.

ಅಂದ ಹಾಗೆ ನಮ್ಮಲ್ಲೂ ಬಯಲು ಬಂದೀಖಾನೆ ಇದೆ, ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ (ಬೆಂಗಳೂರಿನ ಕೋರಮಂಗಲ ಅಲ್ಲ).

ಇದಕ್ಕಿಂತ ಹತ್ತಿರದ್ದು ಮೈಸೂರಿನ ಕತೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ವರ್ಷಗಟ್ಟಲೆ ಜೈಲಿನ ಬಂದಿಗಳಿಗೆ ನಾಟಕ ಕಲಿಸಿದರು. ಅವರ 'ಸಂಕಲ್ಪ' ತಂಡ ಆಡಿದ್ದರಲ್ಲಿ 'ಮಾರನಾಯಕನ ದೃಷ್ಟಾಂತ'ವೂ ಒಂದು. ಎಚ್.ಎಸ್. ಶಿವಪ್ರಕಾಶ್ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ಗೆ ಕೊಟ್ಟ ಕನ್ನಡದ ರೂಪ ಅದು. ಯೋಚಿಸಿ ನೋಡಿ. ಅಧಿಕಾರದ ಆಸೆಗೆ ಒಡೆಯನನ್ನೇ ಕೊಂದು, ಆಮೇಲೆ ನಿದ್ದೆ ಇಲ್ಲದೆ ಒದ್ದಾಡುವವನ ಕತೆಯನ್ನು ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವರು ರಂಗದ ಮೇಲೆ ನಿಂತು ಆಡುತ್ತಾರೆ, ಎದುರಿಗೆ ಜನ ಕೂತಿದ್ದಾರೆ. ಅಲ್ಲಿ ಯಾರೂ ಅವರಿಗೆ "ಪಶ್ಚಾತ್ತಾಪ ಪಡು" ಅಂತ ಹೇಳುತ್ತಿಲ್ಲ. ಮಾತು ಬಾಯಿಪಾಠ ಮಾಡು, ಹೊತ್ತಿಗೆ ಸರಿಯಾಗಿ ರಂಗಕ್ಕೆ ಬಾ, ಜೊತೆಯವನ ಮಾತು ಮುಗಿಯುವವರೆಗೆ ಕಾಯಿ, ಇಷ್ಟೇ. ಇಷ್ಟರಲ್ಲೇ ಎಷ್ಟೊಂದು ಇದೆ ನೋಡಿ!

ರಷ್ಯಾದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ ಇದನ್ನು ಆಗಲೇ ಕಂಡಿದ್ದ. 1850ರಿಂದ ನಾಲ್ಕು ವರ್ಷ ಸೈಬೀರಿಯಾದ ಓಮ್‌ಸ್ಕ್ ಜೈಲಿನಲ್ಲಿದ್ದು ಬಂದವನು, ಕಾಲಿಗೆ ಸಂಕೋಲೆ ಹಾಕಿಸಿಕೊಂಡವನು. ಆ ಅನುಭವದ ಮೇಲೆ ಬರೆದ ಪುಸ್ತಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕೈದಿಗಳು ನಾಟಕ ಆಡುವ ಒಂದು ಅಧ್ಯಾಯವೇ ಇದೆ. ಸಿಕ್ಕಿದ್ದನ್ನೆಲ್ಲ ಸೇರಿಸಿ ಪರದೆ ಮಾಡುತ್ತಾರೆ, ಬೇರೆ ದಿನ ಜಗಳ ಕಾಯುವವರು ಅವತ್ತು ತೆಪ್ಪಗೆ ಕೂತು ಮಕ್ಕಳ ಹಾಗೆ ನೋಡುತ್ತಾರೆ. ಈ ಜನಕ್ಕೆ ಸ್ವಲ್ಪ ಹೊತ್ತು ತಮ್ಮಿಷ್ಟದಂತೆ, ಮನುಷ್ಯರಂತೆ ಬದುಕಲು ಬಿಟ್ಟರೆ ಸಾಕು, ಕೆಲವೇ ನಿಮಿಷಕ್ಕಾದರೂ ಅವರು ಬೇರೆಯವರೇ ಆಗುತ್ತಾರೆ ಅನ್ನುವ ಅರ್ಥದ ಮಾತು ಅಲ್ಲಿದೆ. ಶಾಶ್ವತವಾಗಿ ಬದಲಾಗುತ್ತಾರೆ ಅಂತ ಅವನು ಹೇಳುವುದಿಲ್ಲ. ಅದಕ್ಕೇ ಅವನ ಮಾತು ನಂಬಬೇಕು ಅನ್ನಿಸುತ್ತದೆ.

ಜೈಲಿನ ಎಲ್ಲ ಬರಹವನ್ನೂ ಈ ಲೆಕ್ಕಕ್ಕೆ ತರಬಾರದು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದ 'ಸಂಸ್ಕಾರ'ದ ನಟಿ ಸ್ನೇಹಲತಾ ರೆಡ್ಡಿ ಅಲ್ಲಿ ದಿನಚರಿ ಬರೆದರು. ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲು ಇದ್ದ ಜಾಗವೇ ಈಗಿನ ಫ್ರೀಡಂ ಪಾರ್ಕ್. ಅವರು ತಿದ್ದಿಕೊಳ್ಳಬೇಕಾದ್ದು ಏನೂ ಇರಲಿಲ್ಲ, ತಿದ್ದಿಕೊಳ್ಳಬೇಕಾದದ್ದು ಸರ್ಕಾರ. ಅಂಥ ಕಡೆ ಭರವಸೆಯ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ ರಾತ್ರಿಯಿಂದ ಕೊರೆಯುತ್ತಿದೆ. ಈ ಕತೆಗಳಲ್ಲಿ ಅನ್ಯಾಯಕ್ಕೆ ಒಳಗಾದವರು ಎಲ್ಲಿ? ಕೊಂದವನ ನಲವತ್ತು ವರ್ಷ ನಮಗೆ ಗೊತ್ತು, ಸತ್ತವರ ಮನೆಯಲ್ಲಿ ಆ ನಲವತ್ತು ವರ್ಷ ಹೇಗಿತ್ತು ಅಂತ ಯಾರೂ ಹೇಳುವುದಿಲ್ಲ. ನಾನು ಓದಿದ್ದರಲ್ಲಿ ಟಾಲ್‌ಸ್ಟಾಯ್‌ನ 'ಪುನರುತ್ಥಾನ' (1899) ಇದಕ್ಕೆ ಬೇರೆ. ತಾನು ಹಾಳುಮಾಡಿ ಕೈಬಿಟ್ಟ ಹುಡುಗಿ ಕತ್ಯೂಷಾ ಕೊಲೆ ಆರೋಪದ ಮೇಲೆ ಕಟಕಟೆಯಲ್ಲಿ ನಿಂತಾಗ ನೆಖ್ಲುದೋವ್ ಅದೇ ನ್ಯಾಯಾಲಯದ ಜ್ಯೂರಿಯಲ್ಲಿ ಕೂತಿರುತ್ತಾನೆ. ಜ್ಯೂರಿಯವರ ಅಜಾಗರೂಕತೆಯಿಂದ, ಮಾಡದ ಕೊಲೆಗೆ ಅವಳಿಗೆ ಸೈಬೀರಿಯಾದ ಶಿಕ್ಷೆ ಆಗುತ್ತದೆ. ಇವನು ಪಶ್ಚಾತ್ತಾಪದಿಂದ ಜೈಲಿಗೆ ಹೋಗಿ ಮದುವೆಯಾಗುತ್ತೇನೆ ಅಂದರೆ ಅವಳು ಸಿಡಿದು ಬೀಳುತ್ತಾಳೆ, ನನ್ನನ್ನು ಬಳಸಿಕೊಂಡು ನೀನು ಉದ್ಧಾರವಾಗಲು ನೋಡುತ್ತಿದ್ದೀಯ ಅಂತ. ಕೊನೆಗೂ ಅವನನ್ನು ಒಪ್ಪುವುದಿಲ್ಲ, ಸೈಬೀರಿಯಾದ ದಾರಿಯಲ್ಲಿ ಪರಿಚಯವಾದ ಇನ್ನೊಬ್ಬ ಕೈದಿಯ ಜೊತೆ ಬದುಕಲು ತೀರ್ಮಾನಿಸುತ್ತಾಳೆ. ಅವಳ ಆ ಸಿಟ್ಟಿಗಾಗಿ ಈ ವಾರ ಅದನ್ನು ಮತ್ತೆ ಓದಲು ಎತ್ತಿಟ್ಟಿದ್ದೇನೆ. ನೊಂದವರ ಕಡೆಯಿಂದ ಹೇಳಿದ ಇಂಥ ಕತೆ ಕನ್ನಡದಲ್ಲಿ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೆಸರು ಬರೆಯಿರಿ, ಹುಡುಕಿ ಓದುತ್ತೇನೆ.